ಒಂದೇ ವೃಷಣ ಇಳಿದಿರುವ ಮುಧೋಳ ನಾಯಿಯನ್ನು ತಳಿಗೆ ಬಿಡಬಹುದೇ?

ಬಿಡಬಾರದು, ಅದು ಎಷ್ಟೇ ಜೋರಾಗಿ ಓಡಲಿ. ಹೊಟ್ಟೆಯಿಂದ ಚೀಲಕ್ಕೆ ಇಳಿದಿರುವ ಒಂದೇ ವೃಷಣದಿಂದಲೂ ಮರಿ ಹುಟ್ಟುತ್ತವೆ. ತೊಂದರೆ ಇರುವುದೇ ಅಲ್ಲಿ. ಇದು ವಂಶಪಾರಂಪರ್ಯವಾಗಿ ಬರುವ ದೋಷ. ತಾಯಿಯ ಕಡೆಯಿಂದಲೂ ಬರುತ್ತದೆ, ಹೆಣ್ಣಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹಾಗಾಗಿ ಇಂಥ ಮರಿಯ ತಂದೆ-ತಾಯಿಯ ಜೋಡಿಯನ್ನು ಮತ್ತೆ ಕೂಡಿಸಬೇಡಿ. ಒಡಹುಟ್ಟಿದ ಮರಿಗಳನ್ನೂ, ನೋಡಲು ಸರಿಯಿದ್ದರೂ, ತಳಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಸಾಮಾನ್ಯವಾಗಿ 8 ವಾರದ ಹೊತ್ತಿಗೆ ಎರಡೂ ಇಳಿದಿರುತ್ತವೆ. 6 ತಿಂಗಳವರೆಗೆ ಕಾಯಿರಿ. ಆಮೇಲೆ ಇಳಿಯುವುದು ಅಪರೂಪ. ಹೊಟ್ಟೆಯೊಳಗೆ ಉಳಿದದ್ದು ಮುಂದೆ ಗಡ್ಡೆಯಾಗುವ, ಇಲ್ಲವೇ ತಿರುಚಿಕೊಳ್ಳುವ ಅಪಾಯ ಹೆಚ್ಚು. ಎರಡನ್ನೂ ತೆಗೆಸಿ. ಹೊರಗಿನದನ್ನಷ್ಟೇ ತೆಗೆಸಿದರೆ ಒಳಗಿನದು ಹಾರ್ಮೋನ್ ಸುರಿಸುತ್ತಲೇ ಇರುತ್ತದೆ, ಗಡ್ಡೆಯ ಭಯವೂ ಹೋಗುವುದಿಲ್ಲ. ಕೆಳಗೆ ಎಳೆದು ಹೊಲಿಸಿ ಡಾಗ್ ಷೋಗೆ ಒಯ್ಯುವುದಂತೂ ಶುದ್ಧ ಮೋಸ.

ಬಣ್ಣದ ದೋಷದ, ಅಂದರೆ ತಳಿಗೆ ಒಪ್ಪಿದ ಬಣ್ಣ ಇಲ್ಲದಿರುವುದರ, ಮಾತು ಬೇರೆ. ನಾಯಿಗಳ ಸಂಖ್ಯೆಯೇ ಕಡಿಮೆ ಇರುವ ತಳಿಯಲ್ಲಿ ಆರೋಗ್ಯವಂತ ನಾಯಿಯನ್ನು ಬರೀ ಬಣ್ಣ ನೋಡಿ ಬದಿಗಿಟ್ಟರೆ, ಉಳಿದವು ಹತ್ತಿರದ ರಕ್ತದಲ್ಲೇ ಕೂಡುತ್ತವೆ. ಇಂಥ ಅಡಗಿದ ದೋಷಗಳು ಮೇಲೆ ಬರುವುದೂ ಆಗಲೇ. ದೂರದ ರಕ್ತದ ಜೋಡಿ ಬೇಕಿದ್ದರೆ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.