ಕೊಡಗಿನ ಐನ್‌ಮನೆಗಳು ಅಷ್ಟು ದೊಡ್ಡದಾಗಿರುವುದೇಕೆ?

ಐನ್‌ಮನೆ ಒಂದು ಸಂಸಾರಕ್ಕೆ ಕಟ್ಟಿದ ಮನೆಯಲ್ಲ, ಇಡೀ ಒಕ್ಕಕ್ಕೆ ಕಟ್ಟಿದ್ದು. ಅದಕ್ಕೇ ಅಷ್ಟು ದೊಡ್ಡದು. ಒಕ್ಕ ಅಂದರೆ ಒಬ್ಬನೇ ಮೂಲಪುರುಷನಿಂದ ಬಂದ, ಒಂದೇ ಮನೆಹೆಸರಿನ ಕೊಡವ ಕುಟುಂಬ. ಜಮೀನು ಒಕ್ಕಕ್ಕೆ ಸೇರಿದ್ದಾದ್ದರಿಂದ ಹಿಂದೆ ಅಣ್ಣತಮ್ಮಂದಿರು ಹೆಂಡತಿ ಮಕ್ಕಳೊಂದಿಗೆ ಒಂದೇ ಸೂರಿನಡಿ ಬಾಳುತ್ತಿದ್ದರು.

ಇಳಿಜಾರು ಮಾಡಿಗೆ ಕೊಡಗಿನ ಮಳೆ ಕಾರಣ, ನಿಜ. ಆದರೆ ಒಳಗೆ ಯಾವುದು ಎಲ್ಲಿರಬೇಕು ಎಂದು ಹೇಳಿದ್ದು ಸಂಪ್ರದಾಯ. ಮೆಟ್ಟಿಲು ಹತ್ತಿದ ಕೂಡಲೇ ಕಯ್ಯಾಲೆ, ಅಂದರೆ ಜಗಲಿ. ಅದರ ಕಂಬಗಳ ನಡುವೆ ಕೂರಿಸಿದ ದಪ್ಪ ಮರದ ಹಲಗೆಗೆ ಐಮರ ಎನ್ನುತ್ತಾರೆ. ಅದು ಹಿರಿಯರ ಜಾಗ. ಬಂದವರನ್ನು ಮಾತಾಡಿಸುವುದು, ಒಕ್ಕದ ವಿಚಾರ ತೀರ್ಮಾನಿಸುವುದು ಎಲ್ಲ ಅಲ್ಲೇ ಆಗುತ್ತಿದ್ದುದರಿಂದ ಜಗಲಿಗೆ ಅಷ್ಟು ಅಗಲ, ಕಂಬಗಳಿಗೆ ಅಷ್ಟು ಕೆತ್ತನೆ.

ಒಳಗಿನ ನಡುಮನೆಯೇ ನೆಲ್ಲಕ್ಕಿ ನಡುಬಾಡೆ. ಅಲ್ಲಿ ತೂಗುವ ದೀಪ ಪೂರ್ವಿಕರ ಹೆಸರಿನಲ್ಲಿ ಬೆಳಗುತ್ತದೆ. ಮದುವೆಯ ಶಾಸ್ತ್ರ ಅದರ ಮುಂದೆ ನಡೆಯುತ್ತದೆ, ಸುಗ್ಗಿ ಹಬ್ಬವಾದ ಪುತ್ತರಿಯಂದು ಗದ್ದೆಯಿಂದ ಕೊಯ್ದ ಹೊಸ ತೆನೆಯೂ ಅಲ್ಲಿಗೇ ಬರುತ್ತದೆ. ನೈಋತ್ಯದ ಕೋಣೆ ಕನ್ನಿಕೋಂಬರೆ, ಪೂರ್ವಿಕರಿಗೆ ಮೀಸಲು. ಒಕ್ಕದ ಮೂಲಪುರುಷನಾದ ಕಾರಣನಿಗೆ ಹೊರಗೆ ಕೈಮಡ ಎಂಬ ಪುಟ್ಟ ಗುಡಿಯೂ ಇರುತ್ತದೆ.

ಈಗ ಹೆಚ್ಚಿನವರು ಬೇರೆ ಮನೆ ಮಾಡಿಕೊಂಡಿದ್ದಾರೆ. ಆದರೂ ಪುತ್ತರಿಗೆ ಒಕ್ಕದವರು ಸೇರುವುದು ಐನ್‌ಮನೆಯಲ್ಲೇ. ಹಾಗಾಗಿ ದುರಸ್ತಿ ಮಾಡುವವರು ಹೆಂಚು, ನೆಲ ಏನು ಬೇಕಾದರೂ ಬದಲಿಸಲಿ, ನಡುಬಾಡೆಯನ್ನು ಮಾತ್ರ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.