ಕೊನೆಯ ನಾಲ್ಕು ಭಾಗ ಬಿಡಬೇಡಿ

ಓದುಗರೊಬ್ಬರ ಪತ್ರ: ಕ್ರೈಸ್ತ ಸಂತ ಅಗಸ್ಟೀನನ ಆತ್ಮಕಥೆ ‘ಕನ್ಫೆಷನ್ಸ್’ ಇಂಗ್ಲಿಷಿನಲ್ಲಿ ಓದಿದೆ. ಹದಿನಾರನೇ ವಯಸ್ಸಿನಲ್ಲಿ ಹಣ್ಣು ಕದ್ದಿದ್ದಕ್ಕೆ ಪುಟಗಟ್ಟಲೆ ಕೊರಗುತ್ತಾನೆ. ಒಂಬತ್ತನೇ ಭಾಗಕ್ಕೆ ಕಥೆ ಮುಗಿಯಿತು, ಉಳಿದ ನಾಲ್ಕು ಬಿಟ್ಟೆ. ಇವತ್ತಿಗೆ ಇದೆಲ್ಲ ಬೇಕಾ ಸರ್?

ಸಂಪಾದಕರ ಉತ್ತರ: ಒಂಬತ್ತು ಭಾಗ ಓದಿದ್ದೀರಲ್ಲ, ಖುಷಿಯಾಯಿತು. ನಿಮ್ಮ ದೂರಿನಲ್ಲಿ ನಿಜವೂ ಇದೆ. ಪ್ರಾರ್ಥನೆ ಜಾಸ್ತಿ. ವರ್ಷಗಟ್ಟಲೆ ಜೊತೆಗಿದ್ದು ಮಗನನ್ನು ಹೆತ್ತವಳ ಹೆಸರನ್ನೂ ಆತ ಹೇಳುವುದಿಲ್ಲ, ಅದು ನನಗೂ ಚುಚ್ಚುತ್ತದೆ.

ಆದರೆ ಆ ಮರಸೇಬಿನ ಕಳ್ಳತನವನ್ನು ಹಗುರ ಮಾಡಬೇಡಿ. ರಾತ್ರಿ ಹೊತ್ತು ಹುಡುಗರ ಗುಂಪು ಮರ ಅಲ್ಲಾಡಿಸಿ, ಹೊರೆಗಟ್ಟಲೆ ಹಣ್ಣು ಹೊತ್ತು ತಂದು ಹಂದಿಗಳಿಗೆ ಎಸೆಯುತ್ತದೆ. ಹಸಿವಿರಲಿಲ್ಲ, ಹಣ್ಣಿಗೆ ರುಚಿಯೂ ಇರಲಿಲ್ಲ, ಇದಕ್ಕಿಂತ ಒಳ್ಳೆಯದು ತನ್ನ ಹತ್ತಿರವೇ ಇತ್ತು. ಮತ್ಯಾಕೆ ಕದ್ದೆ? ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಅನ್ನುತ್ತಾನೆ. ‘ನಡೀರೋ’ ಅಂತ ಯಾರಾದರೂ ಅಂದರೆ ಸಾಕು, ನಾಚಿಕೆ ಬಿಡದೆ ಇರುವುದಕ್ಕೇ ನಾಚಿಕೆ! ಹಾಸ್ಟೆಲಿನಲ್ಲಿದ್ದಾಗ ನಾವು ಏಳೆಂಟು ಜನ ಸೇರಿ ಒಬ್ಬ ಪಾಪದ ಹುಡುಗನ ಟ್ರಂಕನ್ನು ಬಾವಿಗೆ ಹಾಕಿದ್ದೆವು. ಅವನ ಮೇಲೆ ನನಗೆ ಸಿಟ್ಟೇ ಇರಲಿಲ್ಲ. ಬೆಳಿಗ್ಗೆ ಅವನು ಬಾವಿಕಟ್ಟೆ ಮೇಲೆ ಒದ್ದೆ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತಿದ್ದ. ಇಪ್ಪತ್ತು ವರ್ಷ ಮರೆತಿದ್ದೆ, ಈ ಪುಟ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ನೀವು ಬಿಟ್ಟ ಭಾಗಗಳು. ಆತ ಇದನ್ನು ಬರೆದದ್ದು ಕ್ರಿ.ಶ. 397ರಿಂದ 400ರ ಸುಮಾರಿಗೆ, ಈಗಿನ ಅಲ್ಜೀರಿಯಾದಲ್ಲಿರುವ ಹಿಪ್ಪೋದಲ್ಲಿ ಬಿಷಪ್ ಆಗಿದ್ದಾಗ. ಹತ್ತನೇ ಭಾಗದಲ್ಲಿ ಆ ಬಿಷಪ್ಪೇ ಹೇಳುತ್ತಾನೆ: ಊಟಕ್ಕೆ ಕೂತರೆ ಹಸಿವು ಎಲ್ಲಿ ಮುಗಿಯಿತು, ಚಪಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ, ಹೊಗಳಿದರೆ ಈಗಲೂ ಹಿತವಾಗುತ್ತದೆ. ಹಳೇ ತಪ್ಪು ಹೇಳಿಕೊಳ್ಳುವುದು ಸುಲಭ, ಇವತ್ತಿನದನ್ನು ಹೇಳಿಕೊಳ್ಳಲು ಎಷ್ಟು ಎದೆ ಬೇಕು ನೋಡಿ. ನಮ್ಮ ಆಫೀಸಿಗೆ ವಿಮರ್ಶೆಗೆ ಬರುವ ಆತ್ಮಕಥೆಗಳಲ್ಲಿ ಬಾಲ್ಯದ ಬಡತನ ಮುಗಿದ ಕೂಡಲೇ ಶಾಲು, ಹಾರ, ಸನ್ಮಾನದ ಫೋಟೋ. ತಪ್ಪೆಲ್ಲ ಪಕ್ಕದವರದ್ದೇ! ಓದುಗರಿಗೂ ಕಥೆ ಮಾತ್ರ ಸಾಕು, ಅದೂ ಹತ್ತು ನಿಮಿಷದ ವಿಡಿಯೋದಲ್ಲಿ. ಕೆಲವು ಮುದ್ರಣಗಳಂತೂ ಈ ಕೊನೆಯ ಭಾಗಗಳನ್ನು ಕತ್ತರಿಸಿಯೇ ಬರುತ್ತವೆ.

ನೀವು ಹಾಗೆ ಮಾಡಬೇಡಿ. ಆರನೇ ಭಾಗದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ತುಟಿ ಅಲ್ಲಾಡಿಸದೆ ಓದುತ್ತಾ ಕೂತಿದ್ದು ನೆನಪಿದೆಯಾ? ಬಂದವರು ಸುಮ್ನೆ ನೋಡಿ ಎದ್ದು ಹೋಗುತ್ತಿದ್ದರು. ಹಾಗೆ ಕೂತು ಓದಿ. ಹನ್ನೊಂದನೇ ಭಾಗದಲ್ಲಿ ‘ಕಾಲ ಅಂದರೇನು? ಯಾರೂ ಕೇಳದಿದ್ದರೆ ನನಗೆ ಗೊತ್ತು, ಕೇಳಿದರೆ ಗೊತ್ತಿಲ್ಲ’ ಅನ್ನುವ ಜಾಗಕ್ಕೆ ಬಂದಾಗ ನನಗೆ ಇನ್ನೊಂದು ಪತ್ರ ಬರೆಯಿರಿ.