ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮೇಲೆ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟರೆ ಏನಾಗುತ್ತದೆ? ನಮ್ಮ ಲೋಕಾಯುಕ್ತದ ಹಾಗೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ಎರಡು ತಿಂಗಳಿಂದ ಕಸದ ಗಾಡಿ ನಿಮ್ಮ ಮನೆ ಬಿಟ್ಟು ಮುಂದೆ ಹೋಗುತ್ತಿದೆ ಅನ್ನುವುದು ಒಂದು. ಪಕ್ಕದ ಮನೆಯವರ ಎಕ್ಸ್‌ಟೆನ್ಷನ್‌ಗೆ ನೀವು ತಕರಾರು ಹಾಕಿದರೂ ಕೌನ್ಸಿಲ್ (ನಮ್ಮ ನಗರಸಭೆಯ ಹಾಗಿನ ಸ್ಥಳೀಯ ಆಡಳಿತ) ಕಟ್ಟಲು ಪರ್ಮಿಷನ್ ಕೊಟ್ಟಿತು ಅನ್ನುವುದು ಇನ್ನೊಂದು. ಕೊನೆಯಲ್ಲಿ "ಆ ಆಫೀಸರ್‌ಗೆ ಶಿಕ್ಷೆ ಆಗಲೇಬೇಕು" ಅಂತ ಬರೆದಿದ್ದೀರಲ್ಲ, ಆ ಆಸೆಯನ್ನು ಮೊದಲು ಬಿಟ್ಟುಬಿಡಿ. ನಾನೂ ಅದೇ ಆಸೆ ಇಟ್ಟುಕೊಂಡು ಬರೆದವಳೇ, ಅದಕ್ಕೇ ಹೇಳುತ್ತಿದ್ದೇನೆ.

ಲೋಕಾಯುಕ್ತ ಅಂದ ಕೂಡಲೇ ನಮಗೆ ಕಣ್ಣಿಗೆ ಕಟ್ಟುವುದು ಬೆಳಗಿನ ಜಾವದ ದಾಳಿ, ಮೇಜಿನ ಮೇಲೆ ಹರಡಿದ ನೋಟಿನ ಕಂತೆ, ಮರುದಿನದ ಪೇಪರ್‌ನಲ್ಲಿ ಅಧಿಕಾರಿಯ ಫೋಟೊ. 1984ರ ನಮ್ಮ ಕಾಯ್ದೆಯಲ್ಲಿ ಕುಂದುಕೊರತೆಯ ಅರ್ಜಿಗೂ ಜಾಗವಿದೆ, ಆದರೆ ಜನರ ಮನಸ್ಸಿನಲ್ಲಿ ಕೂತಿರುವುದು ದಾಳಿಯೇ. ಇಲ್ಲಿ ಕೌನ್ಸಿಲ್‌ಗಳ ಮೇಲಿನ ದೂರು ನೋಡುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಹುಟ್ಟಿದ್ದು 1974ರ ಕಾಯ್ದೆಯಿಂದ. ಅದಕ್ಕೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ, ಯಾರನ್ನೂ ಕೆಲಸದಿಂದ ತೆಗೆಯಲು ಆಗುವುದಿಲ್ಲ. ತೀರ್ಮಾನದ ಪ್ರತಿಯಲ್ಲಿ ಅಧಿಕಾರಿಯ ಹೆಸರೂ ಇರುವುದಿಲ್ಲ, ನಿಮ್ಮ ಹೆಸರೂ ಇರುವುದಿಲ್ಲ. ಅವರು ನೋಡುವುದು ಎರಡೇ: ಕೌನ್ಸಿಲ್ ಕೆಲಸ ಮಾಡಿದ ರೀತಿಯಲ್ಲಿ ತಪ್ಪಿದೆಯಾ? ಆ ತಪ್ಪಿನಿಂದ ನಿಮಗೆ ಆದದ್ದೇನು? ಎರಡರಲ್ಲಿ ಒಂದು ಇಲ್ಲದಿದ್ದರೂ ದೂರು ಅಲ್ಲಿಗೇ ನಿಲ್ಲುತ್ತದೆ.

ನನ್ನ ಕಥೆ ಹೇಳುತ್ತೇನೆ. ಊರಿನ ಹೆಸರು ಬೇಡ, ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕೌನ್ಸಿಲ್ ಅಂತಿಟ್ಟುಕೊಳ್ಳಿ. ಸೊಂಟದ ಆಪರೇಷನ್ ಆದ ಮೇಲೆ ದೊಡ್ಡ ಚಕ್ರದ ಬಿನ್ ಎಳೆಯುವುದು ನನ್ನಿಂದ ಆಗುತ್ತಿರಲಿಲ್ಲ. ಮಗ ಓದಲು ಬೇರೆ ಊರಿಗೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಇಂಥವರಿಗೆ ಕೌನ್ಸಿಲ್‌ಗಳಲ್ಲಿ ಅಸಿಸ್ಟೆಡ್ ಕಲೆಕ್ಷನ್ ಅಂತ ಇರುತ್ತದೆ: ಕೆಲಸದವರೇ ಮನೆಯ ಪಕ್ಕದ ಗೇಟಿನವರೆಗೆ ಬಂದು ಬಿನ್ ಒಯ್ದು, ಖಾಲಿ ಮಾಡಿ, ಅಲ್ಲೇ ವಾಪಸ್ ಇಟ್ಟುಹೋಗಬೇಕು. ಅರ್ಜಿ ಹಾಕಿದೆ, ಮಂಜೂರಾಯಿತು, ಮೂರು ಸಲ ಬಂದರು. ಆಮೇಲೆ ನಿಂತೇ ಹೋಯಿತು. ಫೋನ್ ಮಾಡಿದರೆ "ಬಿನ್ ಹೊರಗೆ ಇಟ್ಟಿರಲಿಲ್ಲ ಅಂತ ಗಾಡಿಯವರು ದಾಖಲಿಸಿದ್ದಾರೆ" ಅನ್ನುತ್ತಿದ್ದರು. ಹೊರಗೆ ಇಡಲು ಆಗದವರಿಗೇ ಅಲ್ಲವೇ ಈ ಸೇವೆ ಅಂತ ಕೇಳಿದರೆ "ಸಾರಿ ಮೇಡಂ, ಸಿಬ್ಬಂದಿಗೆ ತಿಳಿಸುತ್ತೇವೆ." ಹೊಸ ರೆಫರೆನ್ಸ್ ನಂಬರ್ ಒಂದು ಸಿಗುತ್ತಿತ್ತು, ಅಷ್ಟೇ.

ನಮ್ಮಮ್ಮ ಹಾಲಿನವನ ಲೆಕ್ಕವನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದಳು. ಹಾಲು ಬಾರದ ದಿನಕ್ಕೆ ಒಂದು ಸೊನ್ನೆ. ಆ ಅಭ್ಯಾಸ ನನಗೂ ಅಂಟಿದೆ. ಊರಿಂದ ತಂದಿದ್ದ ಕ್ಯಾಲೆಂಡರ್‌ನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲೇ, ಗಾಡಿ ಬಾರದ ದಿನಕ್ಕೆ ಕೆಂಪು ಸೊನ್ನೆ, ಕೆಳಗೆ ಆ ದಿನದ ರೆಫರೆನ್ಸ್ ನಂಬರ್. ಐದು ತಿಂಗಳಲ್ಲಿ ಹನ್ನೊಂದು ಸರದಿ, ಏಳು ಸೊನ್ನೆ.

ಏಳನೆಯ ಸೊನ್ನೆ ಬಿದ್ದ ದಿನ ಸಿಟ್ಟು ನೆತ್ತಿಗೇರಿ ಒಂಬುಡ್ಸ್‌ಮನ್‌ಗೆ ನಾಲ್ಕು ಪುಟ ಬರೆದೆ. ವಾಪಸ್ ಬಂತು! ಕೌನ್ಸಿಲ್‌ನ ದೂರು ಪ್ರಕ್ರಿಯೆ ಮುಗಿಸಿ ಬನ್ನಿ ಅಂತ. ಫೋನಿನಲ್ಲಿ ಹೇಳಿದ್ದು, ವೆಬ್‌ಸೈಟಿನಲ್ಲಿ "ಮಿಸ್ಡ್ ಬಿನ್" ಒತ್ತಿದ್ದು ದೂರು ಅಂತ ಲೆಕ್ಕವಿಲ್ಲ, ಅದು ಬರೀ ಸೇವೆಯ ಕೋರಿಕೆ. ನಮ್ಮವರಲ್ಲಿ ಬಹಳ ಜನ ಎಡವುವುದು ಈ ಹೊಸ್ತಿಲಲ್ಲೇ. "ಇದು ಅಧಿಕೃತ ದೂರು" ಅಂತ ಬರೆದು ಕಳಿಸಬೇಕು. ಮೊದಲ ಹಂತದ ಉತ್ತರ ಸಾಲದಿದ್ದರೆ ಎರಡನೇ ಹಂತಕ್ಕೆ ಒಯ್ಯಿರಿ ಅಂತ ಮತ್ತೆ ಬರೆಯಬೇಕು. 2024ರ ಫೆಬ್ರವರಿಯಲ್ಲಿ ಒಂಬುಡ್ಸ್‌ಮನ್ ಹೊರಡಿಸಿದ ದೂರು ನಿರ್ವಹಣಾ ಸಂಹಿತೆಯ ಪ್ರಕಾರ ಮೊದಲ ಹಂತಕ್ಕೆ 10 ಕೆಲಸದ ದಿನ, ಎರಡನೆಯದಕ್ಕೆ 20. ದೂರು ಜಟಿಲವಾಗಿದ್ದರೆ ಸ್ವಲ್ಪ ಹೆಚ್ಚು.

ಅದೆಲ್ಲ ಮುಗಿಸಿ ಮತ್ತೆ ಕಳಿಸಿದಾಗ ಒಂದು ಪುಟವನ್ನೂ ತುಂಬಿಸಲಿಲ್ಲ. ಕ್ಯಾಲೆಂಡರ್ ಹಾಳೆಗಳ ಫೋಟೊ ಲಗತ್ತಿಸಿದೆ. ಸ್ವಲ್ಪ ದಿನಕ್ಕೆ ತನಿಖೆ ಮಾಡುವಾಕೆಯ ಫೋನ್ ಬಂತು. ನಾನು ಡ್ರೈವರನ ದರ್ಪದ ಬಗ್ಗೆ ಶುರು ಹಚ್ಚಿಕೊಂಡರೆ ಆಕೆ ಮೆತ್ತಗೆ ಕೇಳಿದ್ದು, "ಬಿನ್ ಒಯ್ಯದ ದಿನ ನೀವು ಏನು ಮಾಡಿದಿರಿ?" ಒಂದು ಸಲ ನಾನೇ ಎಳೆಯಲು ಹೋಗಿ ರಾತ್ರಿಯೆಲ್ಲ ನೋವಿನಿಂದ ನಿದ್ದೆ ಇಲ್ಲದ್ದು, ಹಿತ್ತಿಲ ಬಾಗಿಲು ತೆಗೆದರೆ ವಾಸನೆ ಅಂತ ಬೇಸಿಗೆಯಲ್ಲೂ ಮುಚ್ಚಿಕೊಂಡು ಕೂತದ್ದು ಹೇಳಿದೆ. ಅವರಿಗೆ ಬೇಕಿದ್ದದ್ದು ಅದು. ನನ್ನ ನಾಲ್ಕು ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ ನೋಡಿ.

ಆಕೆ ಕೌನ್ಸಿಲ್‌ನಿಂದ ದಾಖಲೆ ತರಿಸಿದಾಗ ಹೊರಬಿದ್ದದ್ದು: ಗಾಡಿಗಳ ರೂಟ್ ಬದಲಾಯಿಸಿದಾಗ ನನ್ನ ವಿಳಾಸದ ಮುಂದಿದ್ದ ಅಸಿಸ್ಟೆಡ್ ಗುರುತು ಹೊಸ ಪಟ್ಟಿಗೆ ಬಂದೇ ಇರಲಿಲ್ಲ. ನಾನು ಐದು ತಿಂಗಳು ಶಪಿಸಿದ ಡ್ರೈವರನಿಗೆ ನನ್ನ ಗೇಟಿನ ವಿಷಯವೇ ಗೊತ್ತಿರಲಿಲ್ಲ. ಕರಡು ತೀರ್ಮಾನ ನನಗೂ ಕೌನ್ಸಿಲ್‌ಗೂ ಬಂತು. ತಪ್ಪಿದ್ದರೆ ಹೇಳಿ ಅಂತ ಸಮಯ ಕೊಟ್ಟರು, ಆಮೇಲೆ ಅಂತಿಮ ಪ್ರತಿ. ಕ್ಷಮಾಪಣೆ ಪತ್ರ, 150 ಪೌಂಡ್, ಮುಂದಿನ ಮೂರು ತಿಂಗಳು ನನ್ನ ಮನೆಯ ಸರದಿಯ ಮೇಲೆ ಮೇಲ್ವಿಚಾರಣೆ. ಇದೇ ಗುರುತು ಬಿಟ್ಟುಹೋದ ಬೇರೆ ಮನೆಗಳು ಇವೆಯಾ ಅಂತ ಕೌನ್ಸಿಲ್ ಹುಡುಕಬೇಕು ಅಂತಲೂ ಇತ್ತು. 150 ಪೌಂಡ್ ಏನು ಮಹಾ ಅಂತ ಮಗ ನಕ್ಕ. ನನಗೆ ಆ ಕೊನೆಯ ಸಾಲೇ ದೊಡ್ಡದು ಅನ್ನಿಸಿತು.

ಇನ್ನು ನಿಮ್ಮ ಪಕ್ಕದ ಮನೆಯ ವಿಷಯ. ಇಲ್ಲಿ ನಿಮಗೆ ನಿರಾಸೆ ಆಗಬಹುದು. ಅರ್ಜಿ ಹಾಕಿದವರಿಗೆ ಪರ್ಮಿಷನ್ ಸಿಗದಿದ್ದರೆ ಮೇಲ್ಮನವಿ ಇದೆ, ತಕರಾರು ಹಾಕಿದ ನೆರೆಯವರಿಗೆ ಆ ಹಾದಿ ಇಲ್ಲ. ಹಾಗಾಗಿ ಎಲ್ಲರೂ ಒಂಬುಡ್ಸ್‌ಮನ್ ಬಾಗಿಲಿಗೇ ಬರುತ್ತಾರೆ. ಆದರೆ ಸರಿಯಾದ ಕ್ರಮದಲ್ಲಿ ತೆಗೆದುಕೊಂಡ ನಿರ್ಧಾರ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಅಂತ ಅವರು ಹೇಳುವಂತಿಲ್ಲ, ಕಾಯ್ದೆಯೇ ತಡೆಯುತ್ತದೆ. ಕೊಟ್ಟ ಪರ್ಮಿಷನ್ ರದ್ದು ಮಾಡಲೂ ಆಗದು. ಕೌನ್ಸಿಲ್ ವೆಬ್‌ಸೈಟಿನಲ್ಲಿ ಪ್ಲಾನಿಂಗ್ ಆಫೀಸರ್‌ನ ವರದಿ ಇರುತ್ತದೆ, ಅದನ್ನು ತೆಗೆದು ಓದಿ. ನಿಮ್ಮ ಮನೆಯ ಬೆಳಕಿನ ಬಗ್ಗೆ ನೀವು ಎತ್ತಿದ ಮಾತು ಅದರಲ್ಲಿದೆಯಾ? ಇದ್ದು, "ಪರಿಶೀಲಿಸಿದೆವು, ಒಪ್ಪಲಿಲ್ಲ" ಅಂತಿದ್ದರೆ ದೂರಿನಲ್ಲಿ ಹುರುಳಿಲ್ಲ. ನಿಮ್ಮ ಪತ್ರದ ಸುದ್ದಿಯೇ ಇಲ್ಲದಿದ್ದರೆ, ಅಥವಾ ನಿಮ್ಮ ಕಿಟಕಿಯನ್ನೇ ನಕ್ಷೆಯಲ್ಲಿ ತಪ್ಪಾಗಿ ಓದಿದ್ದರೆ, ಅಲ್ಲಿ ಹಿಡಿತ ಸಿಗುತ್ತದೆ. ಕಸದ ದೂರಿನ ಜೊತೆ ಇದನ್ನು ಕಲಸಬೇಡಿ, ಬೇರೆಯಾಗಿ ಹಾಕಿ.

"ಕೌನ್ಸಿಲ್ ಒಪ್ಪದಿದ್ದರೆ?" ಅಂತ ಕೇಳಿದ್ದೀರಿ. ಒಂಬುಡ್ಸ್‌ಮನ್ ಹೇಳುವುದು ಶಿಫಾರಸು, ಕೋರ್ಟಿನ ಆದೇಶವಲ್ಲ. ಆದರೂ ಬಹುತೇಕ ಎಲ್ಲ ಕೌನ್ಸಿಲ್‌ಗಳೂ ಪಾಲಿಸುತ್ತವೆ. ಹಟ ಹಿಡಿದರೆ ಸಾರ್ವಜನಿಕ ವರದಿ ಹೊರಡುತ್ತದೆ, ಅದರ ಬಗ್ಗೆ ಕೌನ್ಸಿಲ್ಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಮೂರು ತಿಂಗಳಲ್ಲಿ ಏನು ಮಾಡುತ್ತೇವೆ ಅಂತ ಉತ್ತರಿಸಬೇಕು. ತನ್ನದೇ ದುಡ್ಡಿನಲ್ಲಿ ತನ್ನ ಮಾನ ಹರಾಜಿಗೆ ಹಾಕಿಕೊಳ್ಳಲು ಯಾವ ಕೌನ್ಸಿಲರ್‌ಗೂ ಇಷ್ಟವಿರುವುದಿಲ್ಲ.

ವಕೀಲರು ಬೇಡ, ಶುಲ್ಕವಿಲ್ಲ. ವಿಷಯ ನಿಮಗೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ನೀವು ಕೌನ್ಸಿಲ್‌ನದೇ ಮನೆಯಲ್ಲಿ ಬಾಡಿಗೆಗಿದ್ದು ರಿಪೇರಿಯ ತಕರಾರಾದರೆ ಹೌಸಿಂಗ್ ಒಂಬುಡ್ಸ್‌ಮನ್ ಬೇರೆ ಇದೆ. ಪಾರ್ಕಿಂಗ್ ದಂಡ, ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ (ಮನೆ ತೆರಿಗೆಯ ದರ್ಜೆ) ಇವಕ್ಕೆ ಟ್ರಿಬ್ಯೂನಲ್‌ಗಳಿವೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಒಂಬುಡ್ಸ್‌ಮನ್ನೇ ಬೇರೆ.

ಮೊದಲ ಹಂತದ ಉತ್ತರ ಬಂದಿದೆ ಅಂತ ಬರೆದಿದ್ದೀರಿ. ಇವತ್ತೇ ಎರಡನೇ ಹಂತಕ್ಕೆ ಮೇಲ್ ಹಾಕಿ. ಅದರ ಉತ್ತರದ ಕೊನೆಯಲ್ಲಿ, ಇನ್ನೂ ಸಮಾಧಾನವಾಗದಿದ್ದರೆ ಒಂಬುಡ್ಸ್‌ಮನ್ ಬಳಿ ಹೋಗಬಹುದು ಅಂತ ಒಂದು ಸಾಲು ಬರುತ್ತದೆ. ಆ ಪತ್ರ ಕೈಗೆ ಬಂದ ಮೇಲೆ ಒಂಬುಡ್ಸ್‌ಮನ್ ವೆಬ್‌ಸೈಟಿನ ಫಾರ್ಮ್ ತುಂಬಿ. ಅಲ್ಲಿಯವರೆಗೆ ಗಾಡಿ ಬಾರದ ದಿನಗಳನ್ನು ಗುರುತು ಹಾಕಿಕೊಳ್ಳುತ್ತಾ ಇರಿ.